ಹಿರಿಯರ ಔಷಧದ ಡಬ್ಬಿ: ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬೇಕು

ಮನೆಯ ಹಿರಿಯರ ಔಷಧಗಳ ಮಾತು ಬಂದಾಗ ಹೆಚ್ಚಾಗಿ ಕೇಳಿಬರುವ ಪ್ರಶ್ನೆ "ಈ ಮಾತ್ರೆ ಒಳ್ಳೆಯದೇ?" ಎಂಬುದು. ಹಾಗೆ ಕೇಳಿದರೆ ಸರಿಯಾದ ಉತ್ತರ ಸಿಗುವುದು ಕಷ್ಟ. ನಲವತ್ತು ವರ್ಷದ ಮಗನಿಗೆ ಯಾವ ತೊಂದರೆಯನ್ನೂ ಕೊಡದ ಮಾತ್ರೆಯೇ ಎಪ್ಪತ್ತೆಂಟು ವರ್ಷದ ತಾಯಿ ರಾತ್ರಿ ಬಚ್ಚಲುಮನೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳಲು ಕಾರಣವಾಗಬಹುದು. ಅದೇ ತೊಂದರೆಗೆ ಇರುವ ಬೇರೆ ಉಪಾಯಗಳ ಪಕ್ಕದಲ್ಲಿಟ್ಟು ನೋಡಿದಾಗ, ಈ ವಯಸ್ಸಿಗೆ, ಈ ಮೂತ್ರಪಿಂಡದ ಶಕ್ತಿಗೆ, ಇಷ್ಟು ಕಾಲದ ಬಳಕೆಗೆ ಇದು ಸರಿಹೊಂದುತ್ತದೆಯೇ ಎಂದು ಕೇಳಿದರೆ ವೈದ್ಯರ ಬಳಿ ಆಡುವ ಮಾತಿಗೆ ಒಂದು ದಿಕ್ಕು ಸಿಗುತ್ತದೆ. ಈ ಬರಹ ಆ ಬಗೆಯ ಹೋಲಿಕೆಗೆ ನೆರವಾಗಲೆಂದು ಬರೆದದ್ದು. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕೆಲವು ಔಷಧಗಳನ್ನು ಥಟ್ಟನೆ ಬಿಡುವುದು ಮುಂದುವರಿಸುವುದಕ್ಕಿಂತ ಅಪಾಯಕಾರಿ.

ಹಿರಿಯರಿಗೆ ಸೂಕ್ತವಲ್ಲದಿರಬಹುದಾದ ಔಷಧ ಎಂದರೆ ನಕಲಿ ಔಷಧ ಎಂದಾಗಲಿ, ವೈದ್ಯರು ತಪ್ಪಾಗಿ ಬರೆದದ್ದು ಎಂದಾಗಲಿ ಅರ್ಥವಲ್ಲ. ಆ ವಯಸ್ಸಿನಲ್ಲಿ ಅದರಿಂದ ಆಗಬಹುದಾದ ಹಾನಿ ಸಿಗುವ ಲಾಭಕ್ಕಿಂತ ಹೆಚ್ಚು ಎಂದು ಅಧ್ಯಯನಗಳಿಂದ ಕಂಡುಬಂದಿದ್ದು, ಅದಕ್ಕಿಂತ ಸುರಕ್ಷಿತವಾದ ದಾರಿ ಲಭ್ಯವಿರುವ ಔಷಧ ಎಂದಷ್ಟೇ ಅರ್ಥ. ಎಲ್ಲವನ್ನೂ ತೂಗಿ ನೋಡಿದ ಮೇಲೆ ಅಂತಹ ಔಷಧವೇ ಬೇಕಾಗುವ ರೋಗಿಗಳೂ ಇರುತ್ತಾರೆ.

ವರದಿಯಲ್ಲಿ ನಾರ್ಮಲ್, ದೇಹದಲ್ಲಿ ಅಲ್ಲ

ವಯಸ್ಸಾದಂತೆ ದೇಹದಲ್ಲಿ ಸ್ನಾಯು ಮತ್ತು ನೀರಿನಂಶ ಕಡಿಮೆಯಾಗಿ ಕೊಬ್ಬಿನ ಪಾಲು ಹೆಚ್ಚುತ್ತದೆ. ಕೊಬ್ಬಿನಲ್ಲಿ ಕರಗುವ, ಆತಂಕಕ್ಕೆ ಕೊಡುವ ಡಯಾಜೆಪಾಮ್‌ನಂತಹ ಔಷಧದ ಪ್ರಮಾಣ ಇಪ್ಪತ್ತರ ಹರೆಯದವರ ರಕ್ತದಲ್ಲಿ ಸುಮಾರು ಒಂದು ದಿನದೊಳಗೆ ಅರ್ಧಕ್ಕೆ ಇಳಿದರೆ, ಎಂಬತ್ತರ ಆಸುಪಾಸಿನವರಲ್ಲಿ ಅದಕ್ಕೆ ಮೂರು ದಿನಕ್ಕೂ ಹೆಚ್ಚು ಹಿಡಿಯಬಹುದು. ದಿನಕ್ಕೊಂದು ಮಾತ್ರೆ ನುಂಗುತ್ತಿದ್ದರೆ ನಿನ್ನೆಯದು ಹೋಗುವ ಮೊದಲೇ ಇಂದಿನದು ಬಂದು ಸೇರುತ್ತದೆ.

ಮೂತ್ರಪಿಂಡದ ವಿಷಯವನ್ನು ಇನ್ನೂ ಹತ್ತಿರದಿಂದ ನೋಡಬೇಕು. 78 ವರ್ಷದ, 45 ಕಿಲೋ ತೂಕದ ಒಬ್ಬ ಮಹಿಳೆಯ ರಕ್ತಪರೀಕ್ಷೆಯಲ್ಲಿ, ಮೂತ್ರಪಿಂಡ ಹೊರಹಾಕಬೇಕಾದ ತ್ಯಾಜ್ಯವಾದ ಕ್ರಿಯಾಟಿನಿನ್ 1.0 ಎಂದು ಬಂದಿದೆ ಎಂದುಕೊಳ್ಳಿ. ವರದಿಯಲ್ಲಿ ಅದರ ಮುಂದೆ ಯಾವ ಎಚ್ಚರಿಕೆಯ ಗುರುತೂ ಇರುವುದಿಲ್ಲ. ಮನೆಯವರು ಕಿಡ್ನಿ ಚೆನ್ನಾಗಿದೆ ಎಂದು ನೆಮ್ಮದಿಪಡುತ್ತಾರೆ. ಆದರೆ 1976ರಿಂದ ಬಳಕೆಯಲ್ಲಿರುವ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಸೂತ್ರದ ಪ್ರಕಾರ 140ರಿಂದ ವಯಸ್ಸನ್ನು ಕಳೆದು, ತೂಕದಿಂದ ಗುಣಿಸಿ, 72 ಮತ್ತು ಕ್ರಿಯಾಟಿನಿನ್‌ನ ಗುಣಲಬ್ಧದಿಂದ ಭಾಗಿಸಿ, ಮಹಿಳೆಯಾದ್ದರಿಂದ 0.85ರಿಂದ ಗುಣಿಸಿದರೆ ಬರುವ ಉತ್ತರ, ಅಂದರೆ ಮೂತ್ರಪಿಂಡ ಶುದ್ಧಗೊಳಿಸುವ ರಕ್ತ, ನಿಮಿಷಕ್ಕೆ ಸುಮಾರು 33 ಮಿಲಿಲೀಟರ್. ಆರೋಗ್ಯವಂತ ಯುವತಿಯಲ್ಲಿ ಇದು ನೂರರ ಆಸುಪಾಸಿನಲ್ಲಿರುತ್ತದೆ. ಅಂದರೆ ಈಕೆಯ ಮೂತ್ರಪಿಂಡಗಳು ಸುಮಾರು ಮೂರನೇ ಒಂದು ಭಾಗದಷ್ಟು ಮಾತ್ರ ಕೆಲಸ ಮಾಡುತ್ತಿವೆ. ಕ್ರಿಯಾಟಿನಿನ್ ಸ್ನಾಯುವಿನಿಂದ ಬರುವ ವಸ್ತುವಾದ್ದರಿಂದ, ಸ್ನಾಯು ಕರಗಿದವರಲ್ಲಿ ಅದು ಹುಟ್ಟುವುದೇ ಕಡಿಮೆ. ಆದಕಾರಣ ಮೂತ್ರಪಿಂಡ ಸೋತಿದ್ದರೂ ಅಂಕಿ ಏರುವುದಿಲ್ಲ. ಮುಂದೆ ಹೇಳುವ ಹಲವು ಹೋಲಿಕೆಗಳಿಗೆ ಈ ಒಂದು ಲೆಕ್ಕ ಆಧಾರವಾಗುತ್ತದೆ. ಹಿರಿಯರನ್ನು ವೈದ್ಯರ ಬಳಿ ಕರೆದೊಯ್ಯುವಾಗ ವಯಸ್ಸು, ಈಚಿನ ತೂಕ, ಕ್ರಿಯಾಟಿನಿನ್ ಈ ಮೂರನ್ನೂ ಒಂದೇ ಚೀಟಿಯಲ್ಲಿ ಬರೆದುಕೊಂಡು ಹೋಗುವುದಕ್ಕಿಂತ ಅಗ್ಗದ, ಉಪಯುಕ್ತವಾದ ಕೆಲಸ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ.

ಎರಡು ಪಟ್ಟಿಗಳು, ಮತ್ತು ನಮ್ಮ ಅಂಗಡಿಗಳಲ್ಲಿರುವುದು

ಇಂತಹ ಔಷಧಗಳನ್ನು ಗುರುತಿಸಲು ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಪಟ್ಟಿಗಳು ಎರಡು. ಅಮೆರಿಕದ ಮಾರ್ಕ್ ಬಿಯರ್ಸ್ ಎಂಬ ವೈದ್ಯರು 1991ರಲ್ಲಿ ವೃದ್ಧರ ಆರೈಕೆ ಕೇಂದ್ರಗಳಲ್ಲಿರುವವರಿಗಾಗಿ ಸಿದ್ಧಪಡಿಸಿದ ಪಟ್ಟಿಯನ್ನು ಈಗ ಅಮೆರಿಕನ್ ಜೀರಿಯಾಟ್ರಿಕ್ಸ್ ಸೊಸೈಟಿ ಪರಿಷ್ಕರಿಸುತ್ತ ಬಂದಿದೆ. ಈಚಿನ ಆವೃತ್ತಿಗಳಲ್ಲಿ 2023ರದ್ದು ಪ್ರಮುಖವಾದದ್ದು. ಐರ್ಲೆಂಡಿನಲ್ಲಿ 2008ರಲ್ಲಿ ಹುಟ್ಟಿದ ಸ್ಟಾಪ್–ಸ್ಟಾರ್ಟ್ ಪಟ್ಟಿ ಎರಡನೆಯದು. ಅದರ 2023ರ ಮೂರನೇ ಆವೃತ್ತಿಯಲ್ಲಿ ಬಿಡಬೇಕಾದವುಗಳ ಬಗ್ಗೆ 133, ಆರಂಭಿಸಬೇಕಾದವುಗಳ ಬಗ್ಗೆ 57 ಅಂಶಗಳಿವೆ. ಬಿಯರ್ಸ್ ಪಟ್ಟಿ ಔಷಧದ ಹೆಸರು ಹಿಡಿದು ಹುಡುಕಲು ಸುಲಭ. ಸ್ಟಾಪ್–ಸ್ಟಾರ್ಟ್ ರೋಗಿಯ ಕಾಯಿಲೆಗಳ ಜೊತೆಗೆ ಔಷಧವನ್ನು ನೋಡುತ್ತದೆ; ಜೊತೆಗೆ, ಕೊಡಬೇಕಾಗಿದ್ದು ಕೊಡದೆ ಬಿಟ್ಟಿರುವ ಔಷಧವನ್ನೂ ಎತ್ತಿ ತೋರಿಸುತ್ತದೆ. ಮೂಳೆ ಸವೆದು ಒಮ್ಮೆ ಮುರಿದಿದ್ದರೂ ಅದಕ್ಕೆ ಚಿಕಿತ್ಸೆಯನ್ನೇ ಆರಂಭಿಸದಿರುವುದು ಹೆಚ್ಚು ಮಾತ್ರೆ ಕೊಡುವಷ್ಟೇ ದೊಡ್ಡ ಲೋಪವಾದ್ದರಿಂದ, ವೈದ್ಯರ ಕೈಯಲ್ಲಿ ಎರಡನೆಯದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎನ್ನಬೇಕು.

ಆದರೆ ಕರ್ನಾಟಕದ ಓದುಗರು ಬಿಯರ್ಸ್ ಪಟ್ಟಿಯನ್ನು ನೋಡುವಾಗ ಒಂದು ಎಚ್ಚರ ಬೇಕು. ಅದರಲ್ಲಿರುವುದು ಅಮೆರಿಕದಲ್ಲಿ ಮಾರಾಟವಾಗುವ ಔಷಧಗಳು ಮಾತ್ರ. ನಮ್ಮ ಊರಿನ ಪ್ರತಿ ಮೆಡಿಕಲ್ ಶಾಪಿನಲ್ಲೂ ಸಿಗುವ ಏಸೆಕ್ಲೋಫೆನಾಕ್, ನಿಮೆಸುಲೈಡ್, ಡಾಂಪೆರಿಡೋನ್, ಸಿನ್ನರಿಜಿನ್, ಫ್ಲೂನರಿಜಿನ್ ಅಲ್ಲಿ ಮಾರುಕಟ್ಟೆಯಲ್ಲೇ ಇಲ್ಲ. ಪಟ್ಟಿಯಲ್ಲಿ ಹೆಸರಿಲ್ಲ, ಆದ್ದರಿಂದ ಸುರಕ್ಷಿತ ಎಂದು ತೀರ್ಮಾನಿಸಿದರೆ ಮೋಸಹೋದಂತೆ. ಔಷಧದ ಹೆಸರಿಗಿಂತ ಅದು ಯಾವ ಗುಂಪಿಗೆ ಸೇರಿದ್ದು ಎಂದು ಕೇಳುವುದು ಒಳ್ಳೆಯದು. ಇನ್ನೊಂದು ವ್ಯತ್ಯಾಸವೂ ಇದೆ: ಈ ಪಟ್ಟಿಗಳು 65 ವರ್ಷದಿಂದ ಆರಂಭವಾಗುತ್ತವೆ, ನಮ್ಮಲ್ಲಿ 2007ರ ಕಾಯ್ದೆಯ ಪ್ರಕಾರ 60 ತುಂಬಿದವರೇ ಹಿರಿಯ ನಾಗರಿಕರು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಬಹುಬೇಗ ಆರಂಭವಾಗುವ ನಮ್ಮ ಜನರಲ್ಲಿ 60ರಿಂದಲೇ ಎಚ್ಚರ ವಹಿಸಿದರೆ ತಪ್ಪಿಲ್ಲ.

ಮಂಡಿನೋವು, ಸೊಂಟನೋವು

ಹಿರಿಯರಲ್ಲಿ ಅತಿ ಹೆಚ್ಚು ಅನಾಹುತಕ್ಕೆ ದಾರಿಮಾಡುವುದು ನೋವಿನ ಮಾತ್ರೆಗಳೇ. ಅವು ಚೀಟಿ ಇಲ್ಲದೆಯೂ ಸಿಗುತ್ತವೆ, ತಕ್ಷಣ ಆರಾಮ ಕೊಡುತ್ತವೆ, ಮತ್ತು ಅವುಗಳಿಂದಾಗುವ ಹಾನಿ ನೋವಿನ ಮಾತ್ರೆಯಿಂದ ಬಂದದ್ದೆಂದು ಯಾರಿಗೂ ಹೊಳೆಯುವುದಿಲ್ಲ.

ಡೈಕ್ಲೋಫೆನಾಕ್, ಏಸೆಕ್ಲೋಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್ ಇವೆಲ್ಲ ಉರಿಯೂತ ತಗ್ಗಿಸುವ ಒಂದೇ ಗುಂಪಿನವು. ಇವು ನೋವನ್ನು ಚೆನ್ನಾಗಿಯೇ ತಗ್ಗಿಸುತ್ತವೆ. ಅದರ ಜೊತೆಗೆ ಜಠರದ ಒಳಪದರದ ರಕ್ಷಣೆಯನ್ನು ಕುಂದಿಸುತ್ತವೆ, ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ, ದೇಹದಲ್ಲಿ ಉಪ್ಪು ನೀರನ್ನು ಹಿಡಿದಿಟ್ಟು ರಕ್ತದೊತ್ತಡವನ್ನು ಏರಿಸುತ್ತವೆ. ಟೆಲ್ಮಿಸಾರ್ಟನ್ ಅಥವಾ ಎನಲಾಪ್ರಿಲ್‌ನಂತಹ ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಮೇಲೆ ಈ ನೋವಿನ ಮಾತ್ರೆ, ಮೂರೂ ಒಬ್ಬರ ದೇಹದಲ್ಲಿ ಸೇರಿದಾಗ ಮೂತ್ರಪಿಂಡ ಕೆಲವೇ ದಿನಗಳಲ್ಲಿ ಕೆಲಸ ನಿಲ್ಲಿಸುವ ಅಪಾಯವಿದೆ. ವಾಂತಿಭೇದಿಯಾದ ವಾರದಲ್ಲಿ ಆ ಅಪಾಯ ಮತ್ತಷ್ಟು ಹೆಚ್ಚು. ಎಟೊರಿಕಾಕ್ಸಿಬ್ ಹೊಟ್ಟೆಗೆ ಹಗುರ ಎಂಬ ಮಾತು ನಿಜ. ಆದರೆ ಬಿಪಿ, ಹೃದಯ, ಮೂತ್ರಪಿಂಡದ ವಿಷಯದಲ್ಲಿ ಅದೂ ಅಪಾಯದಿಂದ ಹೊರತಲ್ಲ.

ಪ್ಯಾರಾಸಿಟಮಾಲ್ ಹೊಟ್ಟೆಗೂ ಮೂತ್ರಪಿಂಡಕ್ಕೂ ಇವುಗಳಿಗಿಂತ ಬಹಳ ಸುರಕ್ಷಿತ. ಮಂಡಿ ಸವೆತದ ನೋವಿನಲ್ಲಿ ಅದರ ಪರಿಣಾಮ ಸಾಧಾರಣ ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಬ್ರಿಟನ್ನಿನ ಮಾರ್ಗಸೂಚಿ 2022ರಿಂದ ಅದನ್ನು ಮಂಡಿ ಸವೆತಕ್ಕೆ ವಾಡಿಕೆಯಾಗಿ ಬರೆಯಬಾರದೆಂದು ಹೇಳುತ್ತದೆ. ಇವೆರಡರ ನಡುವೆ ಹೆಚ್ಚಿನವರ ಗಮನಕ್ಕೆ ಬಾರದ ಮೂರನೇ ದಾರಿಯೊಂದಿದೆ: ಅದು ಡೈಕ್ಲೋಫೆನಾಕ್ ಜೆಲ್. ಚರ್ಮದ ಮೇಲೆ ಹಚ್ಚಿದಾಗ ರಕ್ತಕ್ಕೆ ಸೇರುವ ಔಷಧ ನುಂಗಿದ ಮಾತ್ರೆಗೆ ಹೋಲಿಸಿದರೆ ಬಹಳ ಕಡಿಮೆ, ಮಂಡಿಯಂತಹ ಚರ್ಮಕ್ಕೆ ಹತ್ತಿರದ ಕೀಲಿನಲ್ಲಿ ಪರಿಣಾಮ ಗಣನೀಯ. ಮಂಡಿನೋವಿಗೆ ಮೊದಲ ಆಯ್ಕೆ ಜೆಲ್ ಮತ್ತು ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುವ ವ್ಯಾಯಾಮ, ಅಗತ್ಯ ಬಿದ್ದ ದಿನ ಪ್ಯಾರಾಸಿಟಮಾಲ್, ಇವು ಸಾಲದಾದಾಗ ವೈದ್ಯರ ನಿಗಾದಲ್ಲಿ ಕೆಲವೇ ದಿನಗಳಿಗೆ ಜಠರ ರಕ್ಷಕದೊಂದಿಗೆ ನುಂಗುವ ಮಾತ್ರೆ, ಈ ಕ್ರಮವನ್ನೇ ನಾನು ಒಪ್ಪುತ್ತೇನೆ. ಸೊಂಟನೋವಿಗೆ ಜೆಲ್ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಅಲ್ಲಿ ನಡೆದಾಟ ಮತ್ತು ಫಿಸಿಯೋಥೆರಪಿಗೆ ಹೆಚ್ಚಿನ ಬೆಲೆ.

ಕ್ಲೋರ್‌ಜಾಕ್ಸಜೋನ್‌ನಂತಹ ಸ್ನಾಯು ಸಡಿಲಿಸುವ ಔಷಧವನ್ನು ನೋವಿನ ಮಾತ್ರೆಯೊಂದಿಗೆ ಬೆರೆಸಿದ ಮೂರೌಷಧದ ಮಾತ್ರೆಗಳು ನಮ್ಮಲ್ಲಿ ಬಹಳ ಜನಪ್ರಿಯ. ಹಿರಿಯರಲ್ಲಿ ಇವು ಮಂಪರು, ತೂರಾಟ ತರುತ್ತವೆ. ಸಿಗುವ ಹೆಚ್ಚುವರಿ ಲಾಭ ತೀರಾ ಕಡಿಮೆ. ಟ್ರಮಡಾಲ್ ಮೂತ್ರಪಿಂಡವನ್ನು ಕೆಡಿಸುವುದಿಲ್ಲ, ಆದರೆ ವಾಕರಿಕೆ, ಮಲಬದ್ಧತೆ, ತಲೆಸುತ್ತು ತರುತ್ತದೆ, ರಕ್ತದಲ್ಲಿ ಸೋಡಿಯಂ ತಗ್ಗಿಸಬಹುದು.

ಬೆರಕೆ ಮಾತ್ರೆಗಳ ಇನ್ನೊಂದು ಅಪಾಯವನ್ನು ಲೆಕ್ಕ ಮಾಡಿಯೇ ತೋರಿಸಬೇಕು. ಜ್ವರ ಮೈಕೈನೋವಿಗೆಂದು 650 ಮಿಲಿಗ್ರಾಂ ಪ್ಯಾರಾಸಿಟಮಾಲ್ ದಿನಕ್ಕೆ ಮೂರು ಬಾರಿ, ನೆಗಡಿಗೆಂದು 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಸೇರಿರುವ ಇನ್ನೊಂದು ಮಾತ್ರೆ ಮೂರು ಬಾರಿ, ಮಂಡಿಗೆಂದು 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುವ ಏಸೆಕ್ಲೋಫೆನಾಕ್ ಮಾತ್ರೆ ಎರಡು ಬಾರಿ. ಮೂರು ಬೇರೆ ಹೆಸರು, ಮೂರು ಬಣ್ಣ. ಕೂಡಿಸಿದರೆ ದಿನಕ್ಕೆ 4,100 ಮಿಲಿಗ್ರಾಂ. ಹಿರಿಯರಿಗೆ ಸಾಮಾನ್ಯವಾಗಿ 3,000 ಮಿಲಿಗ್ರಾಂ ದಾಟಬಾರದು, 50 ಕಿಲೋಗಿಂತ ಕಡಿಮೆ ತೂಕದ ಸೊರಗಿದ ದೇಹಕ್ಕೆ 2,000 ಮಿಲಿಗ್ರಾಂ ಸಾಕು. ಸ್ಟ್ರಿಪ್‌ನ ಹಿಂಭಾಗದಲ್ಲಿ ಬ್ರಾಂಡಿನ ಹೆಸರಿನ ಆಚೆಗೆ ಸಣ್ಣ ಅಕ್ಷರದಲ್ಲಿರುವ ಮೂಲ ಔಷಧದ ಹೆಸರುಗಳನ್ನು ಓದಿ ಒಂದೇ ಹೆಸರು ಎರಡು ಕಡೆ ಇದೆಯೇ ಎಂದು ನೋಡುವ ಕೆಲಸವನ್ನು ಕಣ್ಣು ಚೆನ್ನಾಗಿರುವ ಮೊಮ್ಮಕ್ಕಳೂ ಮಾಡಬಹುದು.

ನಿದ್ರೆ

ಆಲ್ಪ್ರಜೋಲಾಮ್, ಕ್ಲೊನಜೆಪಾಮ್, ಲೊರಾಜೆಪಾಮ್ ಇವು ಬೆಂಜೊಡಯಾಜೆಪೀನ್ ಗುಂಪಿಗೆ ಸೇರಿದವು. ಜೋಲ್ಪಿಡೆಮ್ ಬೇರೆ ಹೆಸರಿನದಾದರೂ ಬಹುಪಾಲು ಅದೇ ರೀತಿ ಕೆಲಸ ಮಾಡುತ್ತದೆ. ಇವುಗಳಿಂದ ಹಿರಿಯರಲ್ಲಿ ಬೀಳುವುದು, ಮೂಳೆ ಮುರಿತ, ಮರೆವು, ಗೊಂದಲ ಹೆಚ್ಚುತ್ತವೆ. ಕೆಲವು ವಾರಗಳಲ್ಲೇ ದೇಹ ಒಗ್ಗಿಹೋಗಿ ನಿದ್ರೆಯ ಲಾಭ ಇಳಿದರೂ ಬಿಟ್ಟರೆ ನಿದ್ರೆ ಬರುವುದಿಲ್ಲ ಎಂಬ ಅವಲಂಬನೆ ಮಾತ್ರ ಉಳಿಯುತ್ತದೆ. ಆಲ್ಪ್ರಜೋಲಾಮ್‌ನಂತಹ ಔಷಧಗಳು ನಮ್ಮಲ್ಲಿ ಬಿಗಿ ನಿಯಂತ್ರಣದ ಔಷಧಗಳ ಪಟ್ಟಿಯಾದ ಶೆಡ್ಯೂಲ್ ಎಚ್‌1ರಡಿ ಬರುವುದರಿಂದ ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ವಿವರ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಹಾಗಿದ್ದರೂ ಎಂದೋ ಸಾವಿನ ಮನೆಯ ದುಃಖದಲ್ಲಿ ಹತ್ತು ದಿನಕ್ಕೆಂದು ಬರೆದ ಚೀಟಿಯ ಮೇಲೆ ವರ್ಷಗಟ್ಟಲೆ ಮಾತ್ರೆ ಮುಂದುವರಿಯುವುದುಂಟು.

ಇದರ ಬದಲಿಗೆಂದು ಜನ ಹಿಡಿಯುವ ದಾರಿಗಳು ಎಲ್ಲವೂ ಒಳ್ಳೆಯವಲ್ಲ. ನಿದ್ರೆ ಬರಲೆಂದು ನೆಗಡಿ ಮಾತ್ರೆ ನುಂಗುವುದು, ಖಿನ್ನತೆಯ ಹಳೆಯ ಮಾತ್ರೆಯಾದ ಅಮಿಟ್ರಿಪ್ಟಿಲಿನ್ ಅನ್ನು ಕಡಿಮೆ ಪ್ರಮಾಣದಲ್ಲಿ ತೆಗೆದುಕೊಳ್ಳುವುದು, ಕಾಯಿಲೆಯ ಕಾರಣವಿಲ್ಲದೆ ಬರೀ ನಿದ್ರೆಗಾಗಿ ಮನೋರೋಗದ ಔಷಧವಾದ ಕ್ವೆಟಿಯಾಪಿನ್ ಸೇವಿಸುವುದು, ಇವು ಒಂದು ಅಪಾಯದಿಂದ ಇನ್ನೊಂದಕ್ಕೆ ಹೋದಂತೆ. ದೇಹದಲ್ಲೇ ಹುಟ್ಟುವ ನಿದ್ರೆಯ ಹಾರ್ಮೋನಾದ ಮೆಲಟೋನಿನ್ ಇವೆಲ್ಲಕ್ಕಿಂತ ಸೌಮ್ಯ. 2 ಮಿಲಿಗ್ರಾಂನ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗೆ ಯುರೋಪಿನಲ್ಲಿ 55 ದಾಟಿದವರ ನಿದ್ರಾಹೀನತೆಗೆ ಅನುಮತಿ ಇದೆ. ಪರಿಣಾಮ ದೊಡ್ಡದಲ್ಲ, ಆದರೆ ಬೀಳಿಸುವ ಅಪಾಯವೂ ಕಡಿಮೆ.

ಎಲ್ಲಕ್ಕಿಂತ ಮೇಲಿನ ಆಯ್ಕೆ ನಿದ್ರೆಯ ಅಭ್ಯಾಸವನ್ನು ತಿದ್ದುವ ವರ್ತನಾ ಚಿಕಿತ್ಸೆ. ಹಾಸಿಗೆಗೆ ಹೋಗುವ ಮತ್ತು ಏಳುವ ಹೊತ್ತನ್ನು ನಿಗದಿಗೊಳಿಸುವುದು, ನಿದ್ರೆ ಬಾರದಿದ್ದರೆ ಎದ್ದು ಬೇರೆ ಕಡೆ ಕುಳಿತುಕೊಳ್ಳುವುದು, ಹಗಲು ನಿದ್ರೆಯನ್ನು ಅರ್ಧ ಗಂಟೆಗೆ ಇಳಿಸುವುದು ಅದರ ಅಂಶಗಳು. ಸಂಜೆ ಐದರ ಫಿಲ್ಟರ್ ಕಾಫಿಯನ್ನು ಬಿಡಲು ಒಪ್ಪಿಸುವುದು ನಮ್ಮ ಮನೆಗಳಲ್ಲಿ ಇದರ ಕಠಿಣ ಭಾಗ. ಇದಕ್ಕೂ ಮೊದಲು ನಿದ್ರೆ ಕೆಡಿಸುವ ಕಾರಣವನ್ನು ಹುಡುಕಬೇಕು: ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂಜೆ ಕೊಡುತ್ತಿದ್ದರೆ ರಾತ್ರಿ ನಾಲ್ಕು ಬಾರಿ ಏಳುವುದು ಸಹಜ, ಅದನ್ನು ಬೆಳಿಗ್ಗೆಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿದರೆ ನಿದ್ರೆ ಮಾತ್ರೆಯ ಮಾತೇ ಬೇಕಾಗದಿರಬಹುದು.

ವರ್ಷಗಳಿಂದ ತೆಗೆದುಕೊಳ್ಳುತ್ತಿರುವವರು ಬಿಡಬಲ್ಲರೇ ಎಂಬ ಸಂದೇಹ ಸಹಜ. ಕೆನಡಾದ ಕ್ವಿಬೆಕ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಎಂಪವರ್ ಅಧ್ಯಯನದಲ್ಲಿ ಔಷಧದ ಅಪಾಯ ಮತ್ತು ಹಂತಹಂತವಾಗಿ ಬಿಡುವ ಕ್ರಮವನ್ನು ತಿಳಿಸುವ ಒಂದು ಪುಸ್ತಿಕೆಯನ್ನು ಹಿರಿಯರ ಕೈಗೇ ಕೊಡಲಾಯಿತು. ಆರು ತಿಂಗಳಲ್ಲಿ ಅವರ ಪೈಕಿ ಶೇ 27ರಷ್ಟು ಜನ ಮಾತ್ರೆಯನ್ನು ಪೂರ್ತಿ ಬಿಟ್ಟಿದ್ದರು. ಪುಸ್ತಿಕೆ ಸಿಗದವರಲ್ಲಿ ಬಿಟ್ಟವರು ಶೇ 5 ಮಾತ್ರ. ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಕಾಲು ಭಾಗದಷ್ಟು ಇಳಿಸುತ್ತ, ಕೊನೆಯಲ್ಲಿ ಇನ್ನೂ ನಿಧಾನವಾಗಿ ಹೋಗುವುದು ರೂಢಿ. ಥಟ್ಟನೆ ನಿಲ್ಲಿಸಿದರೆ ತೀವ್ರ ಚಡಪಡಿಕೆ, ಕೆಲವರಲ್ಲಿ ಫಿಟ್ಸ್ ಕೂಡ ಬರಬಹುದಾದ್ದರಿಂದ ಇಳಿಸುವ ವೇಳಾಪಟ್ಟಿಯನ್ನು ವೈದ್ಯರಿಂದಲೇ ಬರೆಸಿಕೊಳ್ಳಬೇಕು.

ಗ್ಯಾಸ್ ಮಾತ್ರೆ

ಜಠರದ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಒಳ್ಳೆಯ ಔಷಧಗಳು. ತೊಂದರೆ ಇರುವುದು ಕಾರಣ ಮುಗಿದ ಮೇಲೂ ಮುಂದುವರಿಯುವುದರಲ್ಲಿ. ಬಲವಾದ ಕಾರಣವಿಲ್ಲದೆ ಎಂಟು ವಾರಕ್ಕಿಂತ ಹೆಚ್ಚು ಕಾಲ ದಿನವೂ ತೆಗೆದುಕೊಳ್ಳುವುದು ಹಿರಿಯರಿಗೆ ತಕ್ಕದ್ದಲ್ಲ ಎಂದು ಬಿಯರ್ಸ್ ಪಟ್ಟಿ ಹೇಳುತ್ತದೆ. ಜಠರದಲ್ಲಿ ಆಮ್ಲ ತಗ್ಗಿದರೆ ಆಹಾರದಿಂದ ಬಿ12 ಸಿಗುವುದು ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೂಡ ಅದನ್ನೇ ಮಾಡುತ್ತದೆ. ಇವೆರಡನ್ನೂ ತೆಗೆದುಕೊಳ್ಳುವ ಸಸ್ಯಾಹಾರಿ ಹಿರಿಯರಿಗೆ ಪಾದದಲ್ಲಿ ಜೋಮು, ನಡಿಗೆಯಲ್ಲಿ ತೂಗಾಟ, ಮರೆವು ಕಂಡರೆ ಅದನ್ನು ವಯಸ್ಸಿನ ಮೇಲೆ ಹಾಕುವ ಮೊದಲು ಬಿ12 ಪರೀಕ್ಷೆ ಮಾಡಿಸಬೇಕು.

ಬರೀ ಪ್ಯಾಂಟೊಪ್ರಜೋಲ್ ಮತ್ತು ಡಾಂಪೆರಿಡೋನ್ ಬೆರೆತ ಕ್ಯಾಪ್ಸೂಲ್ ಇವೆರಡರ ನಡುವೆ ಆಯ್ಕೆ ಇದ್ದರೆ ಹಿರಿಯರಿಗೆ ಮೊದಲನೆಯದೇ ಮೇಲು. ಡಾಂಪೆರಿಡೋನ್ ಹೃದಯದ ಬಡಿತದ ಲಯವನ್ನು ಕೆಡಿಸಬಹುದು; 60 ದಾಟಿದವರಲ್ಲಿ ಮತ್ತು ದಿನಕ್ಕೆ 30 ಮಿಲಿಗ್ರಾಂ ಮೀರಿದಾಗ ಅಪಾಯ ಹೆಚ್ಚೆಂದು ಕಂಡುಬಂದದ್ದರಿಂದ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಅದನ್ನು ವಾಂತಿ, ವಾಕರಿಕೆಗೆ ಮಾತ್ರ, ಸಾಮಾನ್ಯವಾಗಿ ಒಂದು ವಾರ ಮೀರದಂತೆ ಬಳಸಬೇಕೆಂದು ಕಟ್ಟುಪಾಡು ಹಾಕಿತು. ನಮ್ಮಲ್ಲಿ ಅದು ಬೆಳಗಿನ ಕಾಫಿಗೆ ಮುಂಚಿನ ನಿತ್ಯದ ಕ್ಯಾಪ್ಸೂಲ್ ಆಗಿರುವುದು ನಿಜಕ್ಕೂ ಕಳವಳದ ಸಂಗತಿ. ಇನ್ನೊಂದು ಕಡೆ, ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು, ಹಿಂದೆ ಹುಣ್ಣಿನಿಂದ ರಕ್ತಸ್ರಾವವಾದವರು ಆಮ್ಲ ತಗ್ಗಿಸುವ ಔಷಧವನ್ನು ಬಿಡಕೂಡದು. ಅವರಿಗೆ ಅದು ರಕ್ಷಣೆ. ಬಿಡಬಹುದಾದವರಿಗೂ ನಿಲ್ಲಿಸಿದ ಮೊದಲ ವಾರಗಳಲ್ಲಿ ಎದೆಯುರಿ ಮರುಕಳಿಸುವುದು ಸಾಮಾನ್ಯವಾದ್ದರಿಂದ ಪ್ರಮಾಣವನ್ನು ಅರ್ಧಕ್ಕಿಳಿಸಿ, ಆಮೇಲೆ ದಿನ ಬಿಟ್ಟು ದಿನ ಎಂದು ಇಳಿಯುವುದು ಸುಲಭ.

ಸಕ್ಕರೆ ಕಾಯಿಲೆ

ಹಿರಿಯರಲ್ಲಿ ಸಕ್ಕರೆ ಸ್ವಲ್ಪ ಏರುವುದಕ್ಕಿಂತ ಥಟ್ಟನೆ ಕುಸಿಯುವುದು ಹೆಚ್ಚು ಅಪಾಯಕಾರಿ. ಗ್ಲಿಬೆನ್‌ಕ್ಲಮೈಡ್ ಎಂಬ ಹಳೆಯ ಮಾತ್ರೆ ಈ ಕುಸಿತಕ್ಕೆ ಹೆಸರಾದದ್ದು, ಅದರ ಅವಶೇಷಗಳು ದುರ್ಬಲ ಮೂತ್ರಪಿಂಡದವರಲ್ಲಿ ಉಳಿದುಕೊಂಡು ಒಂದು ದಿನಕ್ಕೂ ಹೆಚ್ಚು ಕಾಲ ಸಕ್ಕರೆಯನ್ನು ಕೆಳಗೆ ಎಳೆಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಗಳ ಪಟ್ಟಿಯಲ್ಲಿ 2013ರಲ್ಲಿ ಗ್ಲಿಕ್ಲಜೈಡ್ ಅನ್ನು ಸೇರಿಸಿ, ಗ್ಲಿಬೆನ್‌ಕ್ಲಮೈಡ್ 60 ದಾಟಿದವರಿಗೆ ಸೂಕ್ತವಲ್ಲ ಎಂದು ಗುರುತಿಸಿತು. ನಮ್ಮಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಗ್ಲಿಮೆಪಿರೈಡ್ ಅದಕ್ಕಿಂತ ವಾಸಿಯಾದರೂ ದೀರ್ಘಕಾಲ ಕೆಲಸ ಮಾಡುವಂಥದ್ದೇ. ಈ ಮೂರೂ ಸೇರಿದ ಗುಂಪಿನದೇ ಬೇಕೆಂದಾದರೆ ಗ್ಲಿಕ್ಲಜೈಡ್ ಮೇಲು. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ಗುಂಪಿನವು ತಾವಾಗಿ ಸಕ್ಕರೆಯನ್ನು ಕುಸಿಯಲು ಬಿಡುವುದು ಅಪರೂಪ, ಪೇಟೆಂಟ್ ಮುಗಿದ ಮೇಲೆ ಬೆಲೆಯೂ ಇಳಿದಿದೆ. ಡಾಪಾಗ್ಲಿಫ್ಲೋಜಿನ್ ಹೃದಯ ಮತ್ತು ಮೂತ್ರಪಿಂಡಕ್ಕೆ ಲಾಭ ಕೊಡುತ್ತದೆ, ಆದರೆ ಸೊರಗಿದ, ನೀರು ಕಡಿಮೆ ಕುಡಿಯುವ ಹಿರಿಯರಲ್ಲಿ ನಿರ್ಜಲೀಕರಣ, ಗುಪ್ತಾಂಗದ ಸೋಂಕು ತರಬಹುದು. ಮೆಟ್‌ಫಾರ್ಮಿನ್ ಮೂತ್ರಪಿಂಡದ ಶಕ್ತಿ ನಿಮಿಷಕ್ಕೆ 30 ಮಿಲಿಲೀಟರ್‌ಗಿಂತ ಕೆಳಗಿಳಿಯದ ತನಕ ಒಳ್ಳೆಯ ಔಷಧವೇ. 45ಕ್ಕಿಂತ ಕಡಿಮೆ ಇದ್ದರೆ ಪ್ರಮಾಣ ಇಳಿಸಬೇಕು.

ಏಕಾದಶಿ, ಸೋಮವಾರದ ಒಪ್ಪೊತ್ತು, ರಂಜಾನಿನ ಉಪವಾಸ ಮಾಡುವ ಹಿರಿಯರು ಆ ವಿಷಯವನ್ನು ವೈದ್ಯರಿಗೆ ಹೇಳಿರುವುದೇ ಇಲ್ಲ. ಗ್ಲಿಮೆಪಿರೈಡ್ ನುಂಗಿ ಊಟ ಬಿಟ್ಟ ಮಧ್ಯಾಹ್ನ ಬೆವರು, ನಡುಕ, ತೊದಲು ಮಾತು, ಗೊಂದಲ ಕಂಡರೆ ಮೊದಲು ಸಕ್ಕರೆ ಕೊಡಿ, ಆಮೇಲೆ ಉಳಿದ ಮಾತು. ಹೃದಯ ಬಡಿತ ನಿಧಾನಿಸುವ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಡುಕ, ಎದೆಬಡಿತ ಕಾಣದೆ ಬರೀ ಬೆವರು, ಗೊಂದಲವಷ್ಟೇ ಕಾಣಬಹುದು. ಗುರಿಯೂ ಎಲ್ಲರಿಗೂ ಒಂದೇ ಅಲ್ಲ: ಗಟ್ಟಿಮುಟ್ಟಾದ ಹಿರಿಯರಿಗೆ ಕಳೆದ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 7ರಿಂದ 7.5ರ ಒಳಗಿರಲಿ ಎನ್ನಬಹುದು, ಹಲವು ಕಾಯಿಲೆಗಳಿದ್ದು ಇತರರ ನೆರವಿನಲ್ಲಿರುವವರಿಗೆ 8ರವರೆಗೂ ಸಾಕು. ಎಂಬತ್ತೈದರ ಅಜ್ಜಿಯ ಅಂಕಿ 6.2ಕ್ಕೆ ಬಂತೆಂದು ಸಂತೋಷಪಡುವ ಮೊದಲು ಅದು ಯಾವ ಮಾತ್ರೆಯಿಂದ ಬಂತು ಎಂದು ಕೇಳಬೇಕು.

ನೆಗಡಿ, ತುರಿಕೆ, ಹೊಟ್ಟೆ ಹಿಡಿತ

ಇಲ್ಲಿ ಮಾತು ಸರಳ. ಕ್ಲೋರ್‌ಫೆನಿರಮಿನ್, ಫೆನಿರಮಿನ್, ಪ್ರೊಮೆಥಜಿನ್, ಹೈಡ್ರಾಕ್ಸಿಜಿನ್, ಹೊಟ್ಟೆ ನೋವಿನ ಡೈಸೈಕ್ಲೋಮಿನ್ ಇವು ನರಗಳ ಒಂದು ಮುಖ್ಯ ಸಂಕೇತವನ್ನು ತಡೆಯುವುದರಿಂದ ಬಾಯಿ ಒಣಗುವುದು, ಮಲಬದ್ಧತೆ, ಮಬ್ಬು ದೃಷ್ಟಿ, ಪ್ರಾಸ್ಟೇಟ್ ಊದಿರುವ ಗಂಡಸರಲ್ಲಿ ಮೂತ್ರ ಕಟ್ಟಿಕೊಳ್ಳುವುದು, ಮರೆಗುಳಿತನ ಇರುವವರಲ್ಲಿ ತೀವ್ರ ಗೊಂದಲ ಉಂಟಾಗುತ್ತವೆ. ಅಲರ್ಜಿಗೆ ಲೊರಾಟಡಿನ್ ಅಥವಾ ಫೆಕ್ಸೊಫೆನಡಿನ್, ಮೂಗು ಕಟ್ಟಿದ್ದರೆ ಉಪ್ಪುನೀರಿನ ಸ್ಪ್ರೇ ಮತ್ತು ಹಬೆ ಸಾಕು. ಸೆಟಿರಿಜಿನ್ ಹಳೆಯ ಮಾತ್ರೆಗಳಿಗಿಂತ ಎಷ್ಟೋ ವಾಸಿ, ಆದರೂ ಮೂತ್ರಪಿಂಡ ದುರ್ಬಲವಿದ್ದರೆ ಅರ್ಧ ಪ್ರಮಾಣ ಸಾಕಾಗುತ್ತದೆ.

ತಲೆಸುತ್ತು

ಮಾತ್ರೆಯಿಂದ ಬಂದ ತೊಂದರೆಗೆ ಇನ್ನೊಂದು ಮಾತ್ರೆ ಸೇರಿಕೊಳ್ಳುವ ಸರಪಳಿ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಪ್ರಾಸ್ಟೇಟ್‌ಗೋ ಬಿಪಿಗೋ ಕೊಟ್ಟ ಮಾತ್ರೆಯಿಂದ ಎದ್ದು ನಿಂತಾಗ ರಕ್ತದೊತ್ತಡ ಕುಸಿದು ತಲೆಸುತ್ತು ಬರುತ್ತದೆ. ಅದಕ್ಕೆ ಸಿನ್ನರಿಜಿನ್ ಅಥವಾ ಪ್ರೊಕ್ಲೋರ್‌ಪೆರಜಿನ್ ಆರಂಭವಾಗುತ್ತದೆ. ಅದು ತಿಂಗಳುಗಟ್ಟಲೆ ಮುಂದುವರಿದಾಗ ಕೈ ನಡುಕ, ಹೆಜ್ಜೆ ಎಳೆಯುವುದು, ಮುಖದಲ್ಲಿ ಭಾವ ಮೂಡದಿರುವುದು ಕಾಣಿಸಿಕೊಳ್ಳುತ್ತದೆ. ಅದನ್ನು ಪಾರ್ಕಿನ್ಸನ್ ಕಾಯಿಲೆ ಎಂದು ಭಾವಿಸಿ ಮೂರನೇ ಔಷಧ ಸೇರುತ್ತದೆ. ಮೊದಲ ಔಷಧವನ್ನು ಹೊಂದಿಸಿದ್ದರೆ ಉಳಿದ ಎರಡೂ ಬೇಕಾಗುತ್ತಿರಲಿಲ್ಲ.

ಆದ್ದರಿಂದ ತಲೆಸುತ್ತಿಗೆ ಮಾತ್ರೆಗಿಂತ ಮೊದಲು ಬಿಪಿ ಯಂತ್ರ. ಐದು ನಿಮಿಷ ಮಲಗಿಸಿ ಒಮ್ಮೆ ಅಳೆದು, ಎದ್ದು ನಿಂತ ಮೂರು ನಿಮಿಷದೊಳಗೆ ಮತ್ತೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದಿದ್ದರೆ ಕಾರಣವನ್ನು ಔಷಧದ ಡಬ್ಬಿಯಲ್ಲೂ ಹುಡುಕಬೇಕು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಮಾತ್ರ ಕೆಲವು ಕ್ಷಣ ಕೋಣೆ ಸುತ್ತಿದಂತಾದರೆ ಅದು ಬಹುಮಟ್ಟಿಗೆ ಒಳಗಿವಿಯ ಕಣಗಳು ಸ್ಥಾನ ತಪ್ಪಿದ್ದರಿಂದ. ತಲೆಯನ್ನು ನಿರ್ದಿಷ್ಟ ಕ್ರಮದಲ್ಲಿ ತಿರುಗಿಸುವ ಎಪ್ಲಿ ವಿಧಾನವನ್ನು ಕಿವಿ ಮೂಗು ಗಂಟಲು ತಜ್ಞರಿಂದ ಮಾಡಿಸಿದರೆ ಮಾತ್ರೆಗಿಂತ ಬೇಗ ಗುಣ ಕಾಣುತ್ತದೆ.

ಮುನ್ನೆಚ್ಚರಿಕೆಯ ಆಸ್ಪಿರಿನ್

ಹೃದಯಾಘಾತವಾಗದವರು, ಸ್ಟೆಂಟ್ ಇಲ್ಲದವರು, ಪಾರ್ಶ್ವವಾಯು ಆಗದವರು "ಇರಲಿ" ಎಂದು 75 ಮಿಲಿಗ್ರಾಂ ಆಸ್ಪಿರಿನ್ ತೆಗೆದುಕೊಳ್ಳುವುದು ನಮ್ಮಲ್ಲಿ ಬಹಳ. ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಹಿರಿಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಆಸ್ಪ್ರೀ ಅಧ್ಯಯನದಲ್ಲಿ ಅಂಥವರಿಗೆ ಆಸ್ಪಿರಿನ್‌ನಿಂದ ಲಾಭ ಕಾಣಲಿಲ್ಲ, ದೊಡ್ಡ ರಕ್ತಸ್ರಾವ ಹೆಚ್ಚಾಯಿತು. ಹೃದಯಾಘಾತ ಆದವರು, ಸ್ಟೆಂಟ್ ಹಾಕಿಸಿಕೊಂಡವರ ವಿಷಯ ಸಂಪೂರ್ಣ ಬೇರೆ. ಅವರು ಹೃದ್ರೋಗ ತಜ್ಞರು ಹೇಳದೆ ಒಂದು ದಿನವೂ ಬಿಡಬಾರದು.

ಬಿಡುವುದೋ, ಇಳಿಸುವುದೋ, ಬದಲಿಸುವುದೋ

ಡಬ್ಬಿಯಲ್ಲಿರುವ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿಕೊಂಡು ಒಬ್ಬರೇ ವೈದ್ಯರ ಮುಂದೆ ಇಡುವುದು ಮೊದಲ ಹೆಜ್ಜೆ. ಚೂರ್ಣ, ಲೇಹ್ಯ, ಕಷಾಯದ ಬಾಟಲಿ, ಕಣ್ಣಿನ ಹನಿ, ಪಕ್ಕದ ಮನೆಯವರು ಕೊಟ್ಟ ಮಾತ್ರೆ ಇವೆಲ್ಲ ಚೀಲದಲ್ಲಿರಬೇಕು. ಜಿಲ್ಲಾ ಆಸ್ಪತ್ರೆಗಳ ಹಿರಿಯರ ವಿಭಾಗಗಳಲ್ಲಿ, ಫಾರ್ಮ್‌ಡಿ ಓದಿದ ಕ್ಲಿನಿಕಲ್ ಫಾರ್ಮಸಿಸ್ಟರಿರುವ ಬೋಧನಾ ಆಸ್ಪತ್ರೆಗಳಲ್ಲಿ ಈ ಪರಿಶೀಲನೆಗೆ ಸಮಯ ಸಿಗುವ ಸಾಧ್ಯತೆ ಹೆಚ್ಚು. ಪ್ರತಿ ಮಾತ್ರೆಗೂ ಇದು ಯಾವ ಕಾರಣಕ್ಕೆ, ಆ ಕಾರಣ ಈಗಲೂ ಇದೆಯೇ, ಎಷ್ಟು ದಿನಕ್ಕೆ ಎಂದು ಕೇಳಿ. ಕಾರಣ ಯಾರಿಗೂ ನೆನಪಿಲ್ಲದ ಮಾತ್ರೆಯೇ ಮೊದಲು ಮರುಪರಿಶೀಲನೆಗೆ ಬರಬೇಕಾದದ್ದು.

ಕಾರಣ ಮುಗಿದಿದ್ದರೆ ಬಿಡುವುದು, ಕಾರಣವಿದ್ದು ಅಪಾಯ ಹೆಚ್ಚಿದ್ದರೆ ಬದಲಿಸುವುದು, ಬದಲಿ ಸಿಗದಿದ್ದರೆ ಪ್ರಮಾಣ ಇಳಿಸಿ ನಿಗಾ ಇಡುವುದು ಸರಿಯಾದ ಕ್ರಮ. ನಿದ್ರೆ ಮಾತ್ರೆ, ಬೀಟಾ ಬ್ಲಾಕರ್, ಬಿಪಿಯ ಕ್ಲೊನಿಡಿನ್, ಸ್ಟೀರಾಯ್ಡ್, ಫಿಟ್ಸ್ ಮಾತ್ರೆ, ಖಿನ್ನತೆಯ ಮಾತ್ರೆ, ಪಾರ್ಕಿನ್ಸನ್ ಮಾತ್ರೆ ಇವು ಯಾವುವನ್ನೂ ಥಟ್ಟನೆ ನಿಲ್ಲಿಸುವಂತಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಎರಡು ಮೂರು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸುಧಾರಿಸಿತು, ಯಾವುದರಿಂದ ಹದಗೆಟ್ಟಿತು ಎಂದು ತಿಳಿಯುವುದಿಲ್ಲ. ಬದಲಾವಣೆಯ ನಂತರದ ಎರಡರಿಂದ ನಾಲ್ಕು ವಾರ ಬಿಪಿ, ಸಕ್ಕರೆ, ನಿದ್ರೆ, ಮಲವಿಸರ್ಜನೆ, ನಡಿಗೆ ಹೇಗಿವೆ ಎಂದು ಕ್ಯಾಲೆಂಡರಿನ ಆಯಾ ದಿನದ ಮನೆಯಲ್ಲಿ ಬರೆದಿಡಿ. ಹಳೆಯ ತೊಂದರೆ ಮರಳಿದರೆ ಕಡಿಮೆ ಪ್ರಮಾಣದಲ್ಲಿ ಮತ್ತೆ ಆರಂಭಿಸಲು ಅಡ್ಡಿಯಿಲ್ಲ. ಯಾವುದೇ ಔಷಧದಿಂದ ಗಂಭೀರ ಅಡ್ಡಪರಿಣಾಮ ಆಗಿದೆ ಎಂಬ ಸಂದೇಹ ಬಂದರೆ ಚಿಕಿತ್ಸೆ ಕೊಡಿಸಿದ ಮೇಲೆ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ರೋಗಿಯ ಮನೆಯವರೇ ವರದಿ ಮಾಡಬಹುದು. ಔಷಧದ ಹೆಸರು, ಪ್ರಮಾಣ, ಆರಂಭಿಸಿದ ದಿನ, ತೊಂದರೆ ಕಾಣಿಸಿದ ದಿನ ಇವಿಷ್ಟನ್ನು ಸಿದ್ಧವಾಗಿಟ್ಟುಕೊಂಡಿದ್ದರೆ ವರದಿ ಸುಲಭವಾಗುತ್ತದೆ.